ಪದ್ಮಾಸನದಲ್ಲಿ ಬೀಗರ ಸ್ವಾಗತ

ಪೂರ್ವದ ಯೋಗವೇ ಯೋಗ, ಪಶ್ಚಿಮದ್ದು ಬರೀ ರಬ್ಬರಿನ ವ್ಯಾಪಾರ ಎಂದು ಜಹೀರಾಬಾದಿಗೆ ಸಾಬೀತು ಮಾಡಿ ತೋರಿಸುವ ಪವಿತ್ರ ಹೊಣೆಯನ್ನು ಆ ಭಾನುವಾರ ಮುಂಜಾನೆ ನಾನೊಬ್ಬನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ. ಇಂಥ ಹೊಣೆಗಳನ್ನು ಯಾರೂ ಹೊರಿಸುವುದಿಲ್ಲ, ನನ್ನಂಥವರೇ ಹುಡುಕಿಕೊಂಡು ಹೋಗುತ್ತೇವೆ.

ಕಾರಣ ನನ್ನ ಹೆಂಡತಿ ರಾಜೇಶ್ವರಿ. ಎರಡು ತಿಂಗಳಿಂದ ಆಕೆ ಮೊಬೈಲ್ ಅಂಗಡಿಯ ಮಹಡಿ ಮೇಲಿನ ‘ಪವರ್ ಯೋಗ’ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಶಿಲ್ಪಾರಾಣಿ ಎಂಬ ಟೀಚರಮ್ಮ ಇಂಗ್ಲಿಷ್ ಹಾಡು ಹಚ್ಚಿ ಯೋಗ ಕಲಿಸುತ್ತಾಳೆ. ಅದಕ್ಕಾಗಿ ಮನೆಗೆ ನೇರಳೆ ಬಣ್ಣದ ರಬ್ಬರ್ ಚಾಪೆ ಬಂತು, ಸ್ಪಂಜಿನ ಇಟ್ಟಿಗೆ ಬಂತು, ಮಾರುದ್ದದ ಪಟ್ಟಿ ಬಂತು. ಇಷ್ಟೆಲ್ಲ ಸಾಮಾನು ಬೇಕಿದ್ದರೆ ನಮ್ಮ ಋಷಿಗಳು ತಪಸ್ಸಿಗೆ ಟೆಂಪೋ ಮಾಡಿಕೊಂಡು ಹೋಗಬೇಕಾಗುತ್ತಿತ್ತು!

“ಅಮೆರಿಕಾದಾಗ ಆಡಿನ ಮರಿ ಬೆನ್ನ ಮ್ಯಾಲ ಹತ್ತಿಸ್ಕೊಂಡು ಯೋಗ ಮಾಡ್ತಾರಂತ, ಗೊತ್ತದ ಏನು?” ಎಂದೆ. “ಅದಕ್ಕ ಫೀಸ್ ಬ್ಯಾರೆ. ನಮ್ಮೂರು ಕಂಗ್ಟಿಗಿ ಬರ್ರಿ ಅನ್ನು, ಫುಕಟ ಹತ್ತಸ್ತಾರ.”

“ಮೊದಲ ನಿಮ್ಮ ಬೆನ್ನು ಬಗ್ಗಲಿ. ಆಡಿಂದು ಆಮ್ಯಾಲ ನೋಡೋಣು.”

“ನನಗ ಯೋಗ ರಕ್ತದಾಗ ಅದ.”

“ರಕ್ತದಾಗ ಇರೋದು ಸಕ್ರಿ. ಡಾಕ್ಟರ್ ಬರ್ದು ಕೊಟ್ಟಾರ.”

ಈ ಮಾತಿಗೆ ಉತ್ತರ ಬಾಯಲ್ಲಿ ಕೊಡುವುದಲ್ಲ, ಆಸನದಲ್ಲಿ ಕೊಡಬೇಕು ಅನ್ನಿಸಿತು. ಆದರೆ ಅಂದು ಮನೆಯಲ್ಲಿ ಬೇರೊಂದು ದೊಡ್ಡ ಕೆಲಸವಿತ್ತು. ನಾರಾಯಣಖೇಡದ ಬಂಡೆಪ್ಪನವರು ತಮ್ಮ ತಾಯಿ ಈಶಮ್ಮನವರನ್ನು ಕರೆದುಕೊಂಡು ನಮ್ಮ ಮಗಳು ಸೌಮ್ಯಾಳನ್ನು ನೋಡಲು ಬರುವವರಿದ್ದರು. ಹುಡುಗ ತಾಂಡೂರಿನಲ್ಲಿ ಹೈಸ್ಕೂಲ್ ಮಾಸ್ತರ. ಹಿಂದಿನ ಆರು ಫೋಟೊಗಳಿಗೆ ಮೂಗು ಮುರಿದಿದ್ದ ಸೌಮ್ಯಾ ಈ ಫೋಟೊವನ್ನು ವಾಪಸ್ ಕೊಡಲೇ ಇಲ್ಲ. ಅಂದಮೇಲೆ ಈ ಸಂಬಂಧ ಕೂಡಿಬರಲೇಬೇಕಿತ್ತು. ನಮ್ಮ ಕಡೆ ಗಂಡಿನವರು ಹೊಸ್ತಿಲಿಗೆ ಬಂದಾಗ ಹೆಣ್ಣಿನ ತಂದೆ ಎದ್ದು ಎದುರು ಹೋಗಿ, ಕಾಲಿಗೆ ನೀರು ಕೊಟ್ಟು ಒಳಗೆ ಕರೆಯಬೇಕು. ಕೂತಲ್ಲೇ ಕೂತನೆಂದರೆ ಆ ಮಾತು ಬೀದರಿನ ತನಕ ಹೋಗುತ್ತದೆ.

ಅವರು ಬರುವುದು ಹನ್ನೊಂದಕ್ಕೆ, ಈಗ ಒಂಬತ್ತು. ಪೂರ್ವವನ್ನು ಗೆಲ್ಲಿಸಲು ಎರಡು ತಾಸು ಧಾರಾಳ ಸಾಕು. ಪಡಸಾಲೆಯ ನಟ್ಟನಡುವೆ, ಬಾಗಿಲಿಗೆ ಎದುರಾಗಿ, ಬರೀ ತಾಂಡೂರು ಕಲ್ಲಿನ ನೆಲದ ಮೇಲೆ ಕೂತೆ. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಎಡತೊಡೆಯ ಮೇಲಿಟ್ಟೆ. ಎಡಗಾಲು ಒಪ್ಪಲಿಲ್ಲ. ಹಲ್ಲು ಕಚ್ಚಿ ಎಳೆದೆ. ಒಳಗೆ ಎಲ್ಲೋ ಏನೋ ‘ಲಟಕ್’ ಎಂದಿತು, ಪದ್ಮಾಸನ ಸಿದ್ಧವಾಯಿತು. ಪತಂಜಲಿ ಮಹರ್ಷಿಗಳು ಮೇಲಿನಿಂದ ನೋಡಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಪ್ಪತ್ತು ನಿಮಿಷ ಪಶ್ಚಿಮದ ಪತನದ ಬಗ್ಗೆ ಉಪನ್ಯಾಸ ಕೊಟ್ಟೆ. ರಾಜೇಶ್ವರಿ ಮೆಣಸಿನಕಾಯಿ ಸೀಳುತ್ತ ಕೇಳಿದಳು. ಉಪನ್ಯಾಸ ಮುಗಿಸಿ ಕಾಲು ಬಿಡಿಸಲು ಹೋದರೆ, ಕಾಲುಗಳು ನನ್ನವಲ್ಲ ಎನ್ನುವಂತೆ ಸುಮ್ಮನಿದ್ದವು. ಸೊಂಟದಿಂದ ಕೆಳಗೆ ಇಡೀ ಊರಿಗೆ ಕರೆಂಟು ಹೋದಂತಾಗಿತ್ತು. ಅಷ್ಟರಲ್ಲಿ, ಹನ್ನೊಂದಕ್ಕೆ ಬರಬೇಕಾದವರ ಜೀಪು ಒಂಬತ್ತೂವರೆಗೇ ಅಂಗಳದಲ್ಲಿ ನಿಂತಿತು.

“ಏಳ್ರಿ ಜಲ್ದಿ, ಬಂದೇಬಿಟ್ರು.”

“ಏಳಾಕ ಆಗವಲ್ದು.”

“ಏನಂದ್ರಿ?”

“ಕಾಲ ಸಿಕ್ಕೊಂಡಾವ. ನೀ ಒಂದ್ ಕೆಲಸ ಮಾಡು. ಹಣಿಗಿ ಇಭೂತಿ ಹಚ್ಚು, ಲಿಂಗಪೂಜಾದಾಗ ಅದಾರ ಅನ್ನು.”

ಇದು ನನ್ನ ಬುದ್ಧಿಯ ಶಿಖರ! ನಮ್ಮಲ್ಲಿ ಪೂಜೆಗೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ, ಮಾತಾಡಿಸುವುದಿಲ್ಲ. ರಾಜೇಶ್ವರಿ ಇಭೂತಿ ಬಳಿದು ಬಾಗಿಲಿಗೆ ಓಡಿದಳು, ನಾನು ಕಣ್ಣು ಮುಚ್ಚಿದೆ. ಬಂಡೆಪ್ಪನವರು ಒಳಗೆ ಬಂದವರೇ ದನಿ ತಗ್ಗಿಸಿದರು.

“ಏನ್ ಭಕ್ತಿರಿ ತಂಗಿ. ಹೀಂಗ ಕೂಡವರು ಈಗ ಎಲ್ಲಿ ಸಿಗ್ತಾರ.”

“ಬರ್ರಿ ಯಣ್ಣಾ, ನಾಷ್ಟಾ ಮಾಡ್ರಿ,” ಎಂದಳು ರಾಜೇಶ್ವರಿ.

“ಎಲ್ಲರೆ ಉಂಟೇನು? ಯಜಮಾನರ ಪೂಜಾ ಮುಗಿಲಾರದ ನಾವು ನೀರೂ ಮುಟ್ಟಂಗಿಲ್ಲ.”

ದಿನಾ ಎರಡೇ ನಿಮಿಷದಲ್ಲಿ ಪೂಜೆ ಮುಗಿಸುವವನು ನಾನು, ಈಗ ಮುಗಿಸುವ ದಾರಿಯೇ ಇಲ್ಲ. ಹತ್ತಾಯಿತು. ಹತ್ತೂಕಾಲಾಯಿತು. ಒಳಗಿಂದ ಮಿರ್ಚಿ ಭಜಿಯ ವಾಸನೆ ಬಂದು, ಹಾಗೇ ಆರಿಹೋಯಿತು. ಬಂಡೆಪ್ಪನವರ ಹೊಟ್ಟೆ ಗುರುಗುಟ್ಟಿದ್ದು ನನಗೇ ಕೇಳಿಸಿತು. ಬಾಗಿಲ ಸಂದಿಯಲ್ಲಿ ರೇಷ್ಮೆ ಸೀರೆ ಉಟ್ಟು ನಿಂತ ಸೌಮ್ಯಾಳ ಕಣ್ಣು ತುಂಬಿದ್ದವು. ಅರೆಗಣ್ಣಿನಲ್ಲಿ ಅದನ್ನು ನೋಡಿ ನನಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು, ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತೂವರೆಗೆ ಈಶಮ್ಮನವರು ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಪ್ಪತ್ತೈದರ ಮುದುಕಿ, ಅದೇನು ಸಲೀಸು! ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು.

“ಬಂಡೂ, ಪೂಜಾ ಅಂದ್ರ ಅಂಗೈಯಾಗ ಲಿಂಗ ಇರಬೇಕು. ಇವರ ಅಂಗೈಯಾಗ ಮೊಣಕಾಲ ಅದ.”

ನಾನು ಕಣ್ಣು ಬಿಟ್ಟೆ.

“ತಪ್ಪಾತ್ರಿ ಅವ್ವಾರ. ಪೂಜಾ ಅಲ್ರಿ, ಪದ್ಮಾಸನರಿ. ಹಾಕಾಕ ಬಂತು, ಬಿಡಸಾಕ ಬರವಲ್ದು.”

ಮುಂದಿನದನ್ನು ಹೆಂಗಸರು ನೋಡಿಕೊಂಡರು. ರಾಜೇಶ್ವರಿ ರಬ್ಬರ್ ಚಾಪೆಯನ್ನು ಸುರುಳಿ ಸುತ್ತಿ ನನ್ನ ಸೊಂಟದ ಕೆಳಗೆ ತುರುಕಿದಳು. ಸೌಮ್ಯಾ ಸೀರೆಯ ಸೆರಗು ಸಿಕ್ಕಿಸಿ ನನ್ನ ಕಣಕಾಲಿಗೆ ಪಟ್ಟಿ ಹಾಕಿದಳು. ಈಶಮ್ಮನವರು ಭುಜ ಹಿಡಿದರು. “ಉಸಿರು ಬಿಡ್ರಿ, ನಿಧಾನಕ, ಇನ್ನಾ ಬಿಡ್ರಿ,” ಎಂದಳು ರಾಜೇಶ್ವರಿ, ಥೇಟ್ ಶಿಲ್ಪಾರಾಣಿಯ ದನಿಯಲ್ಲಿ. ಉಸಿರು ಬಿಟ್ಟೆ, ಮರ್ಯಾದೆಯೂ ಅದರ ಜೊತೆಗೇ ಹೋಯಿತು. ಮೊದಲು ಎಡಗಾಲು ಬಂತು, ಹಿಂದೆಯೇ ಬಲಗಾಲು. ಬಂಡೆಪ್ಪನವರು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುವವರಂತೆ ಆ ಕಡೆ ತಿರುಗಿ ನಿಂತಿದ್ದರು. ಭುಜ ಮಾತ್ರ ಕುಣಿಯುತ್ತಿದ್ದವು.

ಆರಿದ ಭಜಿಯನ್ನು ಎಲ್ಲರೂ ತಿಂದರು. ನಾನು ಕಾಲು ಚಾಚಿಕೊಂಡು ತಲೆ ತಗ್ಗಿಸಿ ಕೂತಿದ್ದೆ. ಸಂಬಂಧ ಮುರಿಯಿತು, ಮುರಿದವನು ನಾನೇ ಎಂದು ಮನಸ್ಸು ಹೇಳುತ್ತಿತ್ತು. ಚಹಾ ಮುಗಿಸಿ ಈಶಮ್ಮನವರು ಸೌಮ್ಯಾಳನ್ನು ಬಳಿಗೆ ಕರೆದು ಗಲ್ಲ ಸವರಿದರು.

“ಮನ್ಯಾಗ ಹೆಣ್ಮಕ್ಕಳು ಶಾಣ್ಯಾ ಅದಾರ. ಹುಡುಗಿ ನಮಗ ಒಪ್ಪಿಗಿ ಅದ.”

ನನಗೆ ಅಳುವೇ ಬಂತು. ಕೈ ಮುಗಿದೆ.

“ಆದ್ರ ಒಂದು ಮಾತದ,” ಎಂದರು ಅವರು.

“ಹೇಳ್ರಿ ಅವ್ವಾರ. ಏನಿದ್ರೂ ನಡಸ್ತೀನಿ.”

“ಲಗ್ನದ ದಿನ ಹಂದರದಾಗ ನೀವು ಕುರ್ಚಿ ಮ್ಯಾಲೇ ಕೂಡ್ರಿ. ಮುಹೂರ್ತ ನಮ್ಮಂಗ ಕಾಯಂಗಿಲ್ಲ.”