ಭಾವನವರ ಪಾದಪರೀಕ್ಷೆ

ನಮ್ಮ ಭಾವನವರು ಯುದ್ಧಕ್ಕೆ ಹೋಗಿ ಒಬ್ಬನೇ ಒಬ್ಬ ಶತ್ರುವನ್ನೂ ಕೊಲ್ಲದೆ ವಾಪಸು ಬಂದರು! ಇದರಿಂದ ಶತ್ರುಗಳಿಗೆ ಎಷ್ಟು ಸಂತೋಷವಾಯಿತೋ ಗೊತ್ತಿಲ್ಲ, ವರ್ತೂರಿನವರಿಗೆ ಮಾತ್ರ ಬಹಳ ಬೇಜಾರಾಯಿತು. ಊರಿಗೆಲ್ಲ ಇದ್ದವನು ಒಬ್ಬನೇ ಸೋಲ್ಜರ್. ಅವನಾದರೂ ನಾಲ್ಕು ಜನರನ್ನು ಹೊಡೆದುರುಳಿಸಿದ ಕಥೆ ಹೇಳಬಾರದೇ? ಸಂಜೆ ಅರಳಿಕಟ್ಟೆಯ ಮೇಲೆ ಜನ ಬೀಡಿ ಹಚ್ಚಿಕೊಂಡು ಕಾದು ಕೂತರೆ, ಇವರು ಹೇಳುತ್ತಿದ್ದದ್ದು ಒಂದು ಹೇಸರಗತ್ತೆಯ ಕಥೆ!

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಹಿಮದ ಬೆಟ್ಟಗಳಲ್ಲಿ ಹೇಸರಗತ್ತೆಯ ಮೇಲೆ ಮದ್ದುಗುಂಡು ಹೇರಿಕೊಂಡು ಮೇಲಕ್ಕೆ ಸಾಗಿಸುವುದು ಸೈನ್ಯದಲ್ಲಿ ಅವರ ಕೆಲಸವಾಗಿತ್ತು. ಆ ಹೇಸರಗತ್ತೆಯ ಹೆಸರು ಮಹಾರಾಣಿ.

"ಎದುರಿಂದ ಗುಂಡು ಬಂದ್ರೆ ಏನ್ ಮಾಡ್ತಿದ್ರಿ?" ಎಂದು ಕಟ್ಟೆಯ ಮೇಲೆ ಯಾರೋ ಆಸೆಯಿಂದ ಕೇಳಿದರು.

"ಮಹಾರಾಣಿ ಕಿವಿ ಮುಚ್ತಿದ್ದೆ. ಪಾಪ, ಶಬ್ದ ಅಂದ್ರೆ ಎದರ್ಕೊಳ್ಳೋದು."

"ಮತ್ತೆ ನಿಮ್ ಕಿವಿ?"

"ನಂಗಿರೋದು ಎರಡೇ ಕೈ ಕಣಯ್ಯಾ!"

ಸೈನ್ಯ ಬಿಟ್ಟು ಬಂದ ಮೇಲೆ ಅವರು ಊರಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟರಾದರು. ಲೆಕ್ಕ ಹೇಳಿಕೊಡುವವರೂ ಅವರೇ, ಓಟದ ಕೋಚೂ ಅವರೇ. ಅದು ಎಪ್ಪತ್ತರ ದಶಕ. ಈಗ ನೊರೆ ಉಕ್ಕುವ ವರ್ತೂರು ಕೆರೆಯ ನೀರನ್ನು ಬೊಗಸೆಯಲ್ಲಿ ತುಂಬಿ ಕುಡಿಯಬಹುದಾಗಿದ್ದ ಕಾಲ. (ನಗಬೇಡಿ, ನಾನೇ ಕುಡಿದಿದ್ದೇನೆ!)

ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿ, ಹೈ ಹೀಲ್ಸ್ ಮೆಟ್ಟಿಕೊಂಡು ಈ ಊರಿಗೆ ಸೊಸೆಯಾಗಿ ಬಂದವಳು. ಕಾರಿನಿಂದ ಇಳಿದಾಗ ಊರಿಗೆ ಊರೇ ನನ್ನ ಮುಖ ನೋಡುತ್ತಿದ್ದರೆ, ಭಾವ ಮಾತ್ರ ನನ್ನ ಪಾದ ನೋಡಿ ಹೌಹಾರಿದರು.

"ಅಯ್ಯಯ್ಯೋ, ಯಾರಮ್ಮ ನಿಂಗೆ ಈ ಲಾಳ ಹೊಡೆದೋರು?"

ಮದುಮಗಳಿಗೆ ಕೇಳುವ ಮಾತೇ ಇದು? ಐ ವಾಸ್ ಫ್ಯೂರಿಯಸ್! ಆದರೆ ಮಾರನೆಯ ಬೆಳಿಗ್ಗೆ ಬಾಗಿಲ ಬಳಿ ಒಂದು ಜೊತೆ ಹೊಸ ಚಪ್ಪಲಿ ಇತ್ತು. ಹೊಸಲ ಮುಂದಿನ ಮಣ್ಣಿನಲ್ಲಿ ಮೂಡಿದ ನನ್ನ ಬರಿಗಾಲ ಹೆಜ್ಜೆಯ ಗುರುತನ್ನು ಗೇಣಿನಲ್ಲಿ ಅಳೆದುಕೊಂಡು ಹೋಗಿ ಹೊಲಿಸಿದ್ದರಂತೆ. ಅಷ್ಟು ಹಿತವಾದ ಚಪ್ಪಲಿಯನ್ನು ಕಮರ್ಷಿಯಲ್ ಸ್ಟ್ರೀಟಿನ ಯಾವ ಅಂಗಡಿಯೂ ನನಗೆ ಕೊಡಲಿಲ್ಲ.

ಶಾಲೆಯಲ್ಲಿ ದಿನಾ ಪ್ರಾರ್ಥನೆ ಮುಗಿದ ಮೇಲೆ ಪಾದಪರೀಕ್ಷೆ. ಭಾವ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವರು. ಪಕ್ಕದಲ್ಲಿ ಬಿಸಿನೀರಿನ ಬೋಗುಣಿ, ಸೇಫ್ಟಿ ಪಿನ್ನು, ಹರಳೆಣ್ಣೆಯ ಶೀಸೆ. ಬರಿಗಾಲ ಮಕ್ಕಳು ಸಾಲಾಗಿ ಬಂದು, ಹೇಸರಗತ್ತೆ ಗೊರಸು ಎತ್ತಿಕೊಡುವ ಹಾಗೆ, ಒಂದೊಂದೇ ಪಾದವನ್ನು ಅವರ ತೊಡೆಯ ಮೇಲಿಡಬೇಕು. ಮುಳ್ಳಿದ್ದರೆ ತೆಗೆಯುವರು, ಒಡಕಿದ್ದರೆ ಎಣ್ಣೆ ಸವರುವರು. ಕಚಗುಳಿ ತಾಳಲಾರದೆ ಮಕ್ಕಳು ಕೂಗುವ ಕೂಗು ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತು. ನಮ್ಮ ಕಾನ್ವೆಂಟಿನಲ್ಲೂ ಸಿಸ್ಟರ್ ದಿನಾ ಉಗುರು ನೋಡುತ್ತಿದ್ದರು, ಆದರೆ ನೋಡಿ ಗೆಣ್ಣಿಗೆ ಸ್ಕೇಲಿನಿಂದ ಬಾರಿಸುತ್ತಿದ್ದರು!

"ಹೀಗೆ ಕೂತ್ರೆ ಲೆಕ್ಕ ಹೇಳ್ಕೊಡೋದು ಯಾವಾಗ ಭಾವ?" ಎಂದು ನಾನೊಮ್ಮೆ ಕೇಳಿದೆ.

"ಕಾಲಲ್ಲಿ ಮುಳ್ಳಿಟ್ಕೊಂಡು ನೀನು ಭಾಗಾಕಾರ ಮಾಡ್ತೀಯೇನಮ್ಮ?"

ಇದಕ್ಕೆ ಯಾವ ಕಾನ್ವೆಂಟಿನಲ್ಲಿ ಉತ್ತರ ಕಲಿಸುತ್ತಾರೆ ಹೇಳಿ!

ಓಟ ಕಲಿಸುವುದರಲ್ಲೂ ಅವರದು ಹೇಸರಗತ್ತೆಯ ಶಾಸ್ತ್ರವೇ. ಹಿಂದೆ ನಿಂತು ಅಟ್ಟಬಾರದು, ಮುಂದೆ ನಿಂತು ಎಳೆಯಬಾರದು, ಪಕ್ಕದಲ್ಲಿ ಹೋಗಬೇಕು. ಆದ್ದರಿಂದ ಪಂಚೆ ಎತ್ತಿಕಟ್ಟಿ ಕೆರೆ ಏರಿಯ ಮೇಲೆ ಮಕ್ಕಳ ಪಕ್ಕದಲ್ಲಿ ತಾವೂ ಓಡುತ್ತಿದ್ದರು. ಮಾರ್ಕೆಟ್ಟಿಗೆ ಹೋಗುವ ಬಸ್ಸಿನ ಡ್ರೈವರ್ ಇದನ್ನು ನೋಡಲೆಂದೇ ಗೇರ್ ಇಳಿಸುತ್ತಿದ್ದ.

ಒಮ್ಮೆ ಶಾಲೆಗೆ ಇನ್‌ಸ್ಪೆಕ್ಟರ್ ಬಂದರು. ಜಗಲಿಯ ಮೇಲಿನ ಈ ದೃಶ್ಯ ನೋಡಿ ಕೆಂಡವಾದರು. "ಏನ್ರೀ ಇದು? ಸ್ಕೂಲೋ, ದನದ ಆಸ್ಪತ್ರೆಯೋ?"

ಭಾವ ಥಟ್ಟನೆ ಎದ್ದು ಸಲ್ಯೂಟ್ ಹೊಡೆದರು. "ಸಾರ್, ಎಡಗಾಲು ಊರಕ್ಕೆ ಆಗ್ತಿಲ್ಲ ಅಲ್ವಾ ತಮಗೆ? ಕಿರುಬೆರಳಲ್ಲಿ ಆಣಿ ಎದ್ದಿರ್ಬೇಕು. ಗೇಟಲ್ಲಿ ಬರೋವಾಗ್ಲೇ ನೋಡ್ದೆ."

ಇನ್‌ಸ್ಪೆಕ್ಟರ್ ಬಗ್ಗಿ ತಮ್ಮ ಎಡಗಾಲಿನ ಬೂಟು ನೋಡಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಶಾಲೆಯ ಮಕ್ಕಳೆಲ್ಲ ಕಂಡದ್ದೇನು? ಸಾಹೇಬರು ಬೋಗುಣಿಯಲ್ಲಿ ಕಾಲಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು, "ಅಬ್ಬಾ... ಅಬ್ಬಾ..." ಎನ್ನುತ್ತಿದ್ದರು! ಹೋಗುವಾಗ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಜೀಪು ಹತ್ತಿದರಂತೆ.

ಆದರೆ ಇನ್‌ಸ್ಪೆಕ್ಟರನ್ನು ಗೆದ್ದ ಹಾಗೆ ನಮ್ಮತ್ತೆಯನ್ನು ಗೆಲ್ಲುವುದು ಸಾಧ್ಯವೇ? ಚಿಕ್ಕವರು ದೊಡ್ಡವರ ಕಾಲು ಮುಟ್ಟಿದರೆ ಆಯುಸ್ಸು ಬೆಳೆಯುತ್ತದೆ. ದೊಡ್ಡವರೇ, ಅದರಲ್ಲೂ ಗುರುವಾದವನೇ, ಚಿಕ್ಕವರ ಕಾಲು ಮುಟ್ಟಿದರೆ? ಅತ್ತೆಯ ಪ್ರಕಾರ ಲೆಕ್ಕ ಉಲ್ಟಾ ಓಡುತ್ತದೆ! "ಮಕ್ಳ ಆಯಸ್ಸಿಗೆ ಕೈ ಹಾಕ್ತಿದ್ದೀಯಲ್ಲೋ ಪಾಪಿ!" ಎಂದು ದಿನಾ ಸಂಜೆ ಬಯ್ಯುತ್ತಿದ್ದರು. ಭಾವ ನಗುತ್ತಾ ಮುದ್ದೆ ಮುರಿಯುತ್ತಿದ್ದರು.

ಒಂದು ವರ್ಷ ಎರಡನೇ ಕ್ಲಾಸಿನ ಹುಡುಗನೊಬ್ಬ ವಿಷಮಶೀತಜ್ವರ ಬಂದು ಸಾಯುವ ಹಾಗಾಗಿ ಉಳಿದ. ಅಷ್ಟು ಸಾಕಾಯಿತು. ಅತ್ತೆ ಅಡಿಗೆಮನೆಯಲ್ಲಿ ಹೇಳುತ್ತಿದ್ದ ಮಾತು ಊರಿನ ಮಾತಾಯಿತು. ಒಬ್ಬೊಬ್ಬ ತಾಯಿಯೂ ಮಕ್ಕಳಿಗೆ, "ಮೇಷ್ಟ್ರು ಕಾಲು ಕೇಳಿದ್ರೆ ಕೊಡ್ಬ್ಯಾಡ" ಎಂದು ಹೇಳಿಕಳಿಸತೊಡಗಿದಳು.

ಹೀಗೆ ಹೆದರಿದವರಲ್ಲಿ ಮುನಿಯಮ್ಮನೂ ಒಬ್ಬಳು. ಗಂಡ ಇರಲಿಲ್ಲ, ಹೂ ಕಟ್ಟಿ ಮಾರ್ಕೆಟ್ಟಿಗೆ ಕಳಿಸಿ ಜೀವನ ನಡೆಸುತ್ತಿದ್ದಳು. ಹಿಂದೆ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದಳು. ಉಳಿದವಳು ರತ್ನ ಒಬ್ಬಳೇ, ಏಳನೇ ಕ್ಲಾಸು. ರತ್ನ ಓಡಿದರೆ ಅವಳ ಜಡೆ ಬೆನ್ನಿಗೆ ತಾಗುತ್ತಿರಲಿಲ್ಲ, ಹಿಂದೆ ಗಾಳಿಯಲ್ಲಿ ಅಡ್ಡಡ್ಡವಾಗಿ ಹಾರುತ್ತಿತ್ತು! ಮುಂದಿನ ವಾರ ತಾಲ್ಲೂಕು ಕ್ರೀಡಾಕೂಟ. ಅದರಲ್ಲಿ ಮೊದಲು ಬಂದ ಹುಡುಗಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಬಟ್ಟೆ, ಹೈಸ್ಕೂಲು ಎಲ್ಲವೂ ಪುಕ್ಕಟೆ. ಸಿಗದಿದ್ದರೆ ಓದು ಅಲ್ಲಿಗೇ ಮುಗಿದು, ಅವಳೂ ತಾಯಿಯ ಪಕ್ಕದಲ್ಲಿ ಹೂವಿನ ಬುಟ್ಟಿಯ ಮುಂದೆ ಕೂರಬೇಕು.

ಆ ರತ್ನ ಶಾಲೆಗೆ ಬರುವುದೇ ನಿಂತಿತು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೀವು ತುಂಬಿದೆಯೆಂದು ಸುದ್ದಿ ಬಂತು. ಮೇಷ್ಟರು ಮುಟ್ಟಿದರೆ ಆಯುಸ್ಸು ಹೋಗುತ್ತದೆ, ಆಸ್ಪತ್ರೆಗೆ ಹೋದರೆ ಕಾಲೇ ಕುಯ್ಯುತ್ತಾರೆ. ಮುನಿಯಮ್ಮ ಅರಿಸಿನ ಮೆತ್ತಿ ಮಗಳನ್ನು ಒಳಗೆ ಕೂರಿಸಿಬಿಟ್ಟಿದ್ದಳು.

"ನೀನೂ ಬಾಮ್ಮ, ಹೆಣ್ಮಕ್ಳು ಜೊತೇಲಿದ್ರೆ ಅವಳಿಗೆ ಧೈರ್ಯ," ಎಂದು ಭಾವ ನನ್ನನ್ನು ಕರೆದರು. ನಾನು ಡೆಟಾಲು, ಹತ್ತಿ ತೆಗೆದುಕೊಂಡು ಹೊರಟೆ. ಆಯುಸ್ಸಿನ ಬಗ್ಗೆ ಈ ಹೆಂಗಸಿಗೆ ಒಂದು ಒಳ್ಳೆಯ ಸೈಂಟಿಫಿಕ್ ಲೆಕ್ಚರ್ ಕೊಡಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡೆ.

ಮುನಿಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಿಮ್ ಮ್ಯಾಲೆ ಕ್ವಾಪ ಇಲ್ಲ ಮೇಷ್ಟ್ರೇ. ಇರೋದು ಒಂದು. ಮುಟ್ಬ್ಯಾಡಿ."

ನಾನು ಲೆಕ್ಚರಿಗೆ ಬಾಯಿ ತೆರೆದೆ. ಭಾವ ಕಣ್ಣಲ್ಲೇ ನನ್ನನ್ನು ತಡೆದರು. "ನೀ ಹೇಳೋದು ಸರಿ ಮುನಿಯಮ್ಮ. ಗುರು ಶಿಷ್ಯೆ ಕಾಲು ಮುಟ್ಬಾರ್ದು," ಎಂದರು. ನನಗೆ ಶಾಕ್! "ಆದ್ರೆ ಶಿಷ್ಯ ಗುರು ಕಾಲು ಮುಟ್ಬೋದು ತಾನೇ?"

"ಅದು ಮುಟ್ಟಲೇಬೇಕು."

"ಅಂಗಾದ್ರೆ ರತ್ನ ನಂಗೆ ಒಂದು ವಿದ್ಯೆ ಕಲಿಸ್ಲಿ. ಕಲಿತು, ದಕ್ಷಿಣೆ ಕೊಟ್ಟು, ಆಮೇಲೆ ಮುಟ್ತೀನಿ."

ಮುನಿಯಮ್ಮ ಯೋಚಿಸಿದಳು. ಇದರಲ್ಲೇನಾದರೂ ಮೋಸವಿದೆಯೇ ಎಂದು ನನ್ನ ಮುಖ ನೋಡಿದಳು. ಕೊನೆಗೆ, "ಉತ್ತುತ್ತಾಗಿ ಅಲ್ಲ, ನಿಜವಾಗ್ಲೂ ಕಲೀಬೇಕು," ಎಂದು ದಾರಿ ಬಿಟ್ಟಳು.

ಏನು ಕಲಿಸುವುದು? ಮನೆಯಲ್ಲಿದ್ದದ್ದು ಒಂದೇ ವಿದ್ಯೆ. ಭಾವ ನೆಲದ ಮೇಲೆ ಕೂತರು, ರತ್ನಳನ್ನು ಮಣೆಯ ಮೇಲೆ ಕೂರಿಸಿದರು. ನಡುವೆ ಒಂದು ಮೊರ ಕನಕಾಂಬರ, ನೆನೆಸಿದ ಬಾಳೆನಾರು. ಹಿಮದಲ್ಲಿ ಮದ್ದುಗುಂಡಿನ ಪೆಟ್ಟಿಗೆ ಬಿಗಿದ ಆ ದಪ್ಪ ಬೆರಳುಗಳಲ್ಲಿ ಆ ಹೂವುಗಳು ನಲುಗಿದವು, ಜಾರಿದವು, ಉದುರಿದವು.

"ಕತ್ತು ಇಸುಕ್ಬ್ಯಾಡಿ ಮೇಷ್ಟ್ರೇ!" ಎಂದಳು ರತ್ನ. "ನಾರು ಸುತ್ತಿ, ಒಳಗಿಂದ ತಗೀರಿ. ಅಯ್ಯೋ, ಆ ಕಡೆ ಅಲ್ಲ!"

"ತಪ್ಪಾಯ್ತು."

"ಎಷ್ಟು ಸಲ ಏಳಿದ್ರೂ ತಲೇಗೆ ಓಗಲ್ವಾ ನಿಮ್ಗೆ?"

ಇದು ಭಾಗಾಕಾರದ ಪಾಠದಲ್ಲಿ ಭಾವನವರೇ ಹೇಳುತ್ತಿದ್ದ ಮಾತಂತೆ! ಮುನಿಯಮ್ಮ ಕಿಸಕ್ಕನೆ ನಕ್ಕಳು. ಭಾವ ನಗಲಿಲ್ಲ. ಬೆವರು ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು, ಮಧ್ಯಾಹ್ನವೆಲ್ಲ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಯೂನಿವರ್ಸಿಟಿ ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಕಂಡಿಲ್ಲ. ನನ್ನ ಲೆಕ್ಚರು ಗಂಟಲಲ್ಲೇ ಕರಗಿಹೋಯಿತು. ಕೊನೆಗೊಂದು ಮೊಳ ಮಾಲೆಯಾಯಿತು. ಹಾವು ಇಲಿ ನುಂಗಿದ ಹಾಗೆ ಅಲ್ಲಲ್ಲಿ ಉಬ್ಬಿಕೊಂಡಿತ್ತು. ರತ್ನ ಅದನ್ನು ಎರಡೂ ಕೈಯಲ್ಲಿ ಎಳೆದು ಪರೀಕ್ಷಿಸಿದಳು. ಒಂದು ಹೂವೂ ಉದುರಲಿಲ್ಲ.

"ಪಾಸು," ಎಂದಳು.

ಭಾವ ವೀಳ್ಯದೆಲೆಯ ಮೇಲೆ ಅಡಿಕೆ, ಒಂದು ರೂಪಾಯಿ ಇಟ್ಟು ಅವಳ ಕೈಗೆ ಕೊಟ್ಟರು. ಆಮೇಲೆ ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಆ ಪುಟ್ಟ ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡರು. ನಾನು ಡೆಟಾಲು ಹಾಕಿ ಒರೆಸಿಕೊಟ್ಟೆ. ಮುಳ್ಳು ಹೊರಬಂದಾಗ ರತ್ನ ಒಮ್ಮೆ ಚೀರಿದಳು, ಅಷ್ಟೇ.

ಮುಂದಿನ ವಾರ ಅವಳು ಓಡಿದಳು, ಗೆದ್ದಳು, ಹಾಸ್ಟೆಲ್ಲೂ ಸೇರಿದಳು. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಏಕೆಂದರೆ ಇಷ್ಟು ವರ್ಷಗಳ ಮೇಲೂ ನನ್ನ ಕಣ್ಣಿನಲ್ಲಿ ನಿಂತಿರುವುದು ಆ ಮಧ್ಯಾಹ್ನವೇ.

ಮುಳ್ಳು ತೆಗೆದಾಯಿತು, ಬಟ್ಟೆ ಕಟ್ಟಿದ್ದಾಯಿತು. ಭಾವ ಮಾತ್ರ ಬಗ್ಗಿಸಿದ ತಲೆ ಎತ್ತಲಿಲ್ಲ. ಯಾಕೆಂದು ನಮಗಾರಿಗೂ ತಿಳಿಯಲಿಲ್ಲ. ಕಡೆಗೆ ಮುನಿಯಮ್ಮನಿಗೇ ಹೊಳೆಯಿತು. "ಆಸೀರ್ವಾದ ಮಾಡೇ, ಕಾಯ್ತಾವ್ರೆ," ಎಂದು ಮಗಳ ಕಿವಿಯಲ್ಲಿ ಹೇಳಿದಳು.

ರತ್ನ ನಾಚಿಕೊಂಡು, ಕನಕಾಂಬರದ ಬಣ್ಣ ಹತ್ತಿದ ಕೈಯನ್ನು ಆ ನರೆತ ತಲೆಯ ಮೇಲಿಟ್ಟಳು. "ನೂರು ವರ್ಸ ಬಾಳಿ ಮೇಷ್ಟ್ರೇ."

"ಅಷ್ಟು ನಂಗ್ಯಾಕೆ ಗುರುವೇ," ಎಂದರು ಭಾವ, ತಲೆ ಎತ್ತದೆಯೇ. "ಅದ್ರಲ್ಲಿ ಅರ್ಧ ನೀವಿಟ್ಕೊಳ್ಳಿ."

ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.