ಹೊಲಿಗೆ ಮೇಜಿನ ಮೇಲಿಳಿದ ವಿಮಾನ

ಟೈಲರ್: ಬಾಲ ನೋಡಿದ್ರೆ ಸಾಕು, ಜಾತಕನೇ ಹೇಳ್ತೀನಿ ಅಂದಿದ್ದು ನೀವೇ ತಾನೆ? ಹೇಳಿ ಮತ್ತೆ.

ಪೋಸ್ಟ್ ಮಾಸ್ಟರ್: ಹೇಳೋಣ ರೀ. ಕಾಣ್ತಿರೋದೇ ಅರ್ಧ ಬಾಲ, ಅದರ ಮೇಲೆ ನಿಮ್ಮ ಹೆಬ್ಬೆರಳು. ಬೆರಳು ತೆಗೀರಿ ಮೊದಲು.

ಟೈಲರ್: ತೆಗೆದೆ.

ಪೋಸ್ಟ್ ಮಾಸ್ಟರ್: ಇಷ್ಟು ದುಂಡಗಿರೋ ಬಾಲ ಅಂದ್ರೆ ಹಳೇ ಫೋಕರ್ ಕಂಪನಿ ವಿಮಾನ.

ಟೈಲರ್: ತಪ್ಪು.

ಪೋಸ್ಟ್ ಮಾಸ್ಟರ್: ಒಂದು ಕ್ಷಣ ಯೋಚನೆನೂ ಮಾಡ್ಲಿಲ್ವಲ್ರೀ. ಲಕೋಟೆಲಿ ಏನು ಬರೆದಿದ್ದೀರೋ ನೋಡ್ಕೊಂಡಾದ್ರೂ ಹೇಳಿ.

ಟೈಲರ್: ನನಗದು ಬಾಯಿಪಾಠ.

ಬಾಯಿಪಾಠ ಮಾಡಲು ಲಕೋಟೆಯಲ್ಲಿ ಏನಾದರೂ ಇರಬೇಕಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಈ ಇಬ್ಬರೂ ಆಡುವ ಆಟ ಇದು: ಒಬ್ಬರು ಹಳೆಯ ವಿಮಾನದ ಫೋಟೋ ತಂದು, ಮೇಲೆ ರಟ್ಟು ಮುಚ್ಚಿ, ರಟ್ಟಿನಲ್ಲಿ ಕೊರೆದ ಮೂರು ಕಿಟಕಿಗಳನ್ನು ಒಂದೊಂದಾಗಿ ತೆರೆಯಬೇಕು, ಇನ್ನೊಬ್ಬರು ಅದರ ಹೆಸರು ಹೇಳಿದರೆ ಅವರು ಗೆದ್ದರು, ಇಲ್ಲದಿದ್ದರೆ ಫೋಟೋ ತಂದವರು. ಸರಿಯುತ್ತರ ಮೊದಲೇ ಲಕೋಟೆಯಲ್ಲಿರಬೇಕು. ನಿವೃತ್ತ ಪೋಸ್ಟ್ ಮಾಸ್ಟರಿಗೆ ಈ ಹುಚ್ಚು ಹಿಡಿದದ್ದು ಅಂಚೆಚೀಟಿಗಳಿಂದ. ಟೈಲರ್‌ಗೆ ಹಿಡಿದದ್ದು, ಹಳೆಯ ವಿಮಾನಗಳ ರೆಕ್ಕೆಗೆ ಬಟ್ಟೆ ಹೊಲಿಯುತ್ತಿದ್ದರು ಎಂದು ತಿಳಿದ ದಿನ. ಸಾಲಾಗಿ ಹತ್ತು ವಾರ ಸೋತವರು ಆಟ ಬಿಟ್ಟು, ವರ್ಷವಿಡೀ ಮೂಲೆಯ ಸ್ಟೂಲಿನಲ್ಲಿ ತುಟಿ ಪಿಟಕ್ಕೆನ್ನದೆ ಕೂರಬೇಕೆಂಬುದು ಕರಾರು. ಟೈಲರ್ ಆಗಲೇ ಒಂಬತ್ತು ಸೋತಿದ್ದ. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ಸೂಜಿ ನುಂಗುವುದೇ ವಾಸಿ ಎನ್ನುವ ಆಸಾಮಿ ಅವನು. ಹೆಂಡತಿಯ ಹಳೇ ಟ್ರಂಕಿನ ತಳದಲ್ಲಿ ಸಿಕ್ಕಿದ ಈ ಫೋಟೋ ಯಾವ ವಿಮಾನದ್ದೆಂದು ಅವನಿಗೂ ಗೊತ್ತಿರಲಿಲ್ಲ. ಲಕೋಟೆಯೊಳಗೆ ಖಾಲಿ ಕಾಗದ ಮಡಚಿಟ್ಟಿದ್ದ. ಏನೇ ಹೇಳಿದರೂ ತಪ್ಪು ಎನ್ನುವುದು, ಮುಂದಿನದು ಮುಂದೆ. ಇದೇ ಅವನ ಉಪಾಯ.

ಅವನು ಎರಡನೇ ಕಿಟಕಿ ತೆರೆದ.

ಪೋಸ್ಟ್ ಮಾಸ್ಟರ್: ಓಹೋ. ಬಲಗಡೆ ರೆಕ್ಕೆ ಒಂದು ಗೇಣು ಗಿಡ್ಡ. ಬಲಕ್ಕೆ ಬೇಗ ತಿರುಗಲಿ ಅಂತ ಹೀಗೆ ಮಾಡಿರ್ತಾರೆ.

ಟೈಲರ್: ನಾನು ಅಂಗಿ ತೋಳು ಹೀಗೆ ಹೊಲಿದ್ರೆ ಕೈಕೆಲಸ ಬರಲ್ಲ ಅಂತೀರಿ. ಅವರು ಮಾಡಿದ್ರೆ ವಿಜ್ಞಾನ.

ಪೋಸ್ಟ್ ಮಾಸ್ಟರ್: ಹೊಟ್ಟೆ ಕೆಳಗೆ ನಾಲ್ಕು ಕಾಲು ಕಾಣ್ತಿದೆ ನೋಡಿ. ಇದು ಹಿಮದ ಮೇಲೆ ಇಳಿಯೋಕೆ.

ಟೈಲರ್: ಹಿಂದೆ ಮೋಡಕ್ಕೆ ಅಂಚು ಮಡಚಿ ಹೊಲಿಗೆ ಹಾಕಿದ ಹಾಗಿದೆಯಲ್ಲ?

ಪೋಸ್ಟ್ ಮಾಸ್ಟರ್: ಅದು ಪ್ಯಾರಾಚೂಟ್. ಎಲ್ಲಾ ಕಡೆ ನಿಮಗೆ ಹೊಲಿಗೆನೇ ಕಾಣುತ್ತೆ. ಮೂರನೇದು ತೆಗೀರಿ.

ಮೂರನೇ ಕಿಟಕಿಯಲ್ಲಿ ಚಾಲಕ ಕಂಡ. ತಲೆಗೆ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ.

ಪೋಸ್ಟ್ ಮಾಸ್ಟರ್: ಸೈನ್ಯದವನು. ಆ ಗದ್ದ ನೋಡಿ, ಯಾರ ಮಾತೂ ಕೇಳೋ ಪೈಕಿ ಅಲ್ಲ.

ಟೈಲರ್: ಒಳ್ಳೇ ಒರಟ. ಇಂಥವನ ಜೊತೆ ಒಂದು ದಿನ ಇರೋದೂ ಕಷ್ಟ.

ಪೋಸ್ಟ್ ಮಾಸ್ಟರ್: ಸಿಕ್ತು. ಇದು ಪರೀಕ್ಷೆಗೆ ಅಂತ ಒಂದೇ ಒಂದು ಕಟ್ಟಿ ಕೈಬಿಟ್ಟ ವಿಮಾನ. ಇದಕ್ಕೆ ಹೆಸರೇ ಇಲ್ಲ. ಅದೇ ನನ್ನ ಉತ್ತರ.

ಟೈಲರ್: ಹೆಸರಿಲ್ಲ ಅನ್ನೋದು ಒಂದು ಉತ್ತರವೇನ್ರೀ?

ಪೋಸ್ಟ್ ಮಾಸ್ಟರ್: ಲಕೋಟೆ ಒಡೀರಿ, ತಿಳಿಯುತ್ತೆ.

ಟೈಲರ್‌ಗೆ ಬಾಯಲ್ಲಿ ಬಿಸಿತುಪ್ಪ ಸಿಕ್ಕಿಕೊಂಡಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಲಕೋಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಡಲು ಹೋದ. ಅಷ್ಟರಲ್ಲಿ ಪೋಸ್ಟ್ ಮಾಸ್ಟರ್ ನಲವತ್ತು ವರ್ಷ ಪಳಗಿದ ಕೈಯಿಂದ ಅದನ್ನು ಒಡೆದು, ಖಾಲಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಪೋಸ್ಟ್ ಮಾಸ್ಟರ್: ಭೇಷ್. ಹೆಸರಿಲ್ಲ ಅನ್ನೋದನ್ನ ಏನೂ ಬರೀದೆ ಬರೆದಿದ್ದೀರಿ. ಹತ್ತಾಯ್ತು ಟೈಲರ್. ಸ್ಟೂಲು ಅಲ್ಲಿದೆ.

ಆಗಲೇ ಒಳಗಿನಿಂದ ಟೈಲರನ ಹೆಂಡತಿ ಗುಂಡಿ ಹಾಕಿದ ಅಂಗಿಗಳನ್ನು ಎತ್ತಿಕೊಂಡು ಬಂದಳು. ಮೇಜಿನ ಕಡೆ ನೋಡಿ ನಿಂತಳು.

ಹೆಂಡತಿ: ನನ್ನ ಟ್ರಂಕಿಗೆ ಕೈ ಹಾಕಿದ್ರಾ?

ಟೈಲರ್: ಸುಮ್ನಿರೇ, ನಾನಿಲ್ಲಿ ಮುಳುಗ್ತಾ ಇದ್ದೀನಿ.

ಹೆಂಡತಿ: ಅಣ್ಣ, ಏನು ಇಷ್ಟೊಂದು ನೋಡ್ತಿದ್ದೀರಿ? ನಮ್ಮ ತವರೂರಿನ ಫೋಟೋ ಸ್ಟುಡಿಯೋದಲ್ಲಿದ್ದ ಹಲಗೆ ವಿಮಾನ ಇದು. ಸ್ಟೂಲ್ ಮೇಲೆ ಕೂತು ತಲೆ ಹೊರಗೆ ಹಾಕೋದು. ಹಿಂದೆ ಮೋಡ ಬರೆದ ಪರದೆ.

ಪೋಸ್ಟ್ ಮಾಸ್ಟರ್: ಹಾಗಾದ್ರೆ ಹಿಮದ ಕಾಲು?

ಹೆಂಡತಿ: ಸ್ಟೂಲಿಂದು.

ಟೈಲರ್‌ಗೆ ಹೋದ ಜೀವ ಬಂತು.

ಟೈಲರ್: ನಿಮ್ಮ ಉತ್ತರ ತಪ್ಪು ಮಾಸ್ಟ್ರೇ. ಇದು ವಿಮಾನನೇ ಅಲ್ಲ. ಗೆದ್ದೋನು ನಾನು.

ಪೋಸ್ಟ್ ಮಾಸ್ಟರ್: ಖಾಲಿ ಲಕೋಟೆ ತಂದು ಗೆಲ್ಲೋದು ಹೇಗ್ರೀ? ಮೊದಲು ಗುರುತು ಹಿಡಿದಿದ್ದು ತಂಗಿ. ಆಟ ಅವರದ್ದು. ಅಂದಹಾಗೆ ತಂಗೀ, ಈ ಒರಟ ಯಾರು?

ಹೆಂಡತಿ: ನಾನು. ಹತ್ತೊಂಬತ್ತು ವರ್ಷ ಆಗ.

ಪೋಸ್ಟ್ ಮಾಸ್ಟರ್ ಚಪ್ಪಲಿಗಾಗಿ ಕಾಲಾಡಿಸಿದರು.

ಟೈಲರ್: ಕನ್ನಡಕ ಹಾಕಿದ್ಯಲ್ಲೇ, ಗೊತ್ತಾಗ್ಲಿಲ್ಲ.

ಹೆಂಡತಿ: ಬಾಲ ನೋಡಿ ವಿಮಾನ ಹೇಳ್ತೀರಂತೆ. ಮೂವತ್ತು ವರ್ಷ ಎದುರಿಗೇ ಇರೋಳ ಮುಖ ಗೊತ್ತಾಗ್ಲಿಲ್ಲ.

ಟೈಲರ್: ತಪ್ಪಾಯ್ತು ಕಣೇ. ಏನು ಬೇಕಾದ್ರೂ ಅನ್ನು, ಸ್ಟೂಲಿಗೆ ಮಾತ್ರ ಕೂರಿಸಬೇಡ. ಆಟ ನಿಂದು ಅಂದ್ಮೇಲೆ ತೀರ್ಪೂ ನಿಂದೇ.

ಹೆಂಡತಿ ಅಂಗಿಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.

ಹೆಂಡತಿ: ಒಂದು ಅವಕಾಶ ಕೊಡ್ತೀನಿ. ಮುಂದಿನ ವಾರ ನಮ್ಮ ಮದುವೆ ಫೋಟೋ ತರ್ತೀನಿ. ಅಕ್ಕತಂಗಿಯರೆಲ್ಲ ಸಾಲಾಗಿ ನಿಂತಿರೋದು. ಅದರಲ್ಲಿ ನಾನು ಯಾರು ಅಂತ ಹೇಳಿ, ನಿಮ್ಮ ಜಾಗ ನಿಮಗೆ, ಇಲ್ಲಾಂದ್ರೆ ಸ್ಟೂಲು.

ಟೈಲರ್ ಪೋಸ್ಟ್ ಮಾಸ್ಟರ್ ಕಡೆ ಓರೆಗಣ್ಣಲ್ಲಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

ಟೈಲರ್: ಮಾಸ್ಟ್ರ ಹತ್ರ ಸಹಾಯ ಕೇಳಬಹುದಾ?