ಎರಡು ಮಿಂಚಿನ ನಡುವೆ ಅತ್ತೆಯ ಕಣ್ಣು

ಇಡೀ ಮೈಸೂರಿನಲ್ಲಿ ಸ್ವಂತ ಹೆಂಡತಿಯ ಕಣ್ಣಿಗಾಗಿ ಐದು ವರ್ಷ ಪರದಾಡಿದ ಗಂಡಸು ಯಾರಾದರೂ ಇದ್ದರೆ ಅದು ನನ್ನ ಸೋದರಮಾವ! ಕಣ್ಣು ಎಲ್ಲಿಗೂ ಹೋಗಿರಲಿಲ್ಲ. ಅತ್ತೆಯ ಮುಖದಲ್ಲೇ, ಇರಬೇಕಾದ ಜಾಗದಲ್ಲೇ ಇದ್ದವು. ಫೋಟೋದಲ್ಲಿ ಮಾತ್ರ ಸಿಗುತ್ತಿರಲಿಲ್ಲ. ಮಾವನ ಹೆಸರು ಹೇಳುವುದಿಲ್ಲ, ಹೇಳಿದರೆ ನಜರ್‌ಬಾದಿನ ಅರ್ಧ ಬೀದಿ "ಓ, ಅವರಾ!" ಎಂದು ನಕ್ಕೀತು.

ಮಾವ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ವಿಭಾಗದಲ್ಲಿದ್ದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ಹಿಂದಕ್ಕೆ ಕಳಿಸುವ ಕೆಲಸ. ಆ ಅಭ್ಯಾಸ ಅವರ ಜೊತೆ ಬಸ್ಸು ಹತ್ತಿ ಮನೆಗೂ ಬರುತ್ತಿತ್ತು. "ಚಪಾತಿ ಅಂಚು ದಪ್ಪ, ನಡುವೆ ತೆಳು ಕಣೇ" ಎಂದರೆ ಅತ್ತೆ, "ಇವತ್ತಿನ ಮಾಲು ಇಷ್ಟೇ. ಪಾಸ್ ಮಾಡ್ಬುಡಿ" ಎನ್ನುತ್ತಿದ್ದರು.

ಆ ಅತ್ತೆಯ ಕಣ್ಣನ್ನು ನೀವು ನೋಡಬೇಕಿತ್ತು. ಕಪ್ಪಲ್ಲ, ಬಿಸಿಲಿಗೆ ಹಿಡಿದ ಜೋನಿಬೆಲ್ಲದ ಬಣ್ಣ. ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಂದು ಚುಕ್ಕೆ. ಅವರು ನಗುವಾಗ ಬಾಯಿಗಿಂತ ಮೊದಲು ಕಣ್ಣು ನಗುತ್ತಿತ್ತು. ಈಗಲೂ ಜೋನಿಬೆಲ್ಲದ ಡಬ್ಬಿ ತೆರೆದಾಗ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ.

ಮದುವೆಯ ಫೋಟೋಗಳಲ್ಲಿ ಅತ್ತೆ ತಲೆ ತಗ್ಗಿಸಿದ್ದಾರೆ. ಆಗಿನ ಮದುಮಗಳು ತಲೆ ಎತ್ತುವುದುಂಟೆ? ಆಮೇಲೆ, ರೀಲಿನ ಕ್ಯಾಮೆರಾದ ಕಾಲದಲ್ಲಿ, ಮಾವ ಅದನ್ನು ಕೈಗೆತ್ತಿಕೊಂಡ ಕೂಡಲೇ ಅಡುಗೆಮನೆಯಲ್ಲಿ ಏನಾದರೊಂದು ಉಕ್ಕುತ್ತಿತ್ತು. ಅತ್ತೆಯ ಬೆನ್ನು, ಸೆರಗಿನ ತುದಿ, ಒಂದು ಮೊಣಕೈ, ಆಲ್ಬಮ್ಮಿಗೆ ದಕ್ಕಿದ್ದು ಇಷ್ಟೇ. ವೋಟಿನ ಕಾರ್ಡಿನಲ್ಲಿ ಕಣ್ಣು ತೆರೆದಿತ್ತು, ನಿಜ. ಆದರೆ ಆ ಮುಖ ಅತ್ತೆಯದಾಗಿರಲಿಲ್ಲ, ಯಾರದೂ ಆಗಿರಲಿಲ್ಲ!

ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಮಾವನಿಗೆ ಡಿಜಿಟಲ್ ಕ್ಯಾಮೆರಾ ಕೊಟ್ಟರು. ಹೊಸ ಶತಮಾನಕ್ಕೆ ಆಗ ನಾಲ್ಕೋ ಐದೋ ವರ್ಷ. ಅಂಗೈಯಗಲದ ಬೆಳ್ಳಿ ಬಣ್ಣದ ಡಬ್ಬ, ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಫ್ಲ್ಯಾಷ್. ಮನೆಗೆ ಬಂದವರೇ ಕೊರಳಿನ ಹಾರವನ್ನೂ ತೆಗೆಯದೆ ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಗುಂಡಿ ಒತ್ತಿದರು. ಮಿಂಚಿತು. ನೋಡಿದರೆ, ಅತ್ತೆ ಧ್ಯಾನದಲ್ಲಿದ್ದಾರೆ!

"ಏನೇ ಇದು, ಕಣ್ಣು ಮುಚ್ಕೊಂಬುಟ್ಟೆ!"

"ಮುಖಕ್ಕೆ ಸಿಡಿಲು ಹೊಡೆದ್ರೆ ಮುಚ್ದೆ ಇನ್ನೇನ್ರೀ ಮಾಡ್ಲಿ?"

ಇನ್ನೊಂದು ತೆಗೆದರು. ಧ್ಯಾನ. ಹತ್ತು ತೆಗೆದರು. ಹತ್ತರಲ್ಲೂ ಧ್ಯಾನ. ಮಾವ ನನ್ನ ಕಡೆ ತಿರುಗಿ, "ಇವಳ ಕಣ್ಣು ಬಿಟ್ಟಿರೋ ಒಂದೇ ಒಂದು ಫೋಟೋ ತೆಗೀದಿದ್ರೆ, ಮೂವತ್ತು ವರ್ಷ ಅಳತೆ ನೋಡಿದ್ದೇ ದಂಡ ಕಣಮ್ಮ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮುಂದಿನ ಭಾನುವಾರ ಸಿದ್ಧಾರ್ಥನಗರದಿಂದ ನನ್ನನ್ನು ಸಾಕ್ಷಿಯಾಗಿ ಕರೆಸಿಕೊಂಡರು. ಅತ್ತೆ ಸ್ಟೂಲಿನ ಮೇಲೆ ನಿಂತಿದ್ದಾರೆ. ಎತ್ತಿದ ಕೈಯಲ್ಲಿ ನಿಂಬೆಹಣ್ಣು. ಮಾವ "ಬುಡು!" ಎಂದು ಕೂಗಿ ಅದೇ ಗಳಿಗೆಗೆ ಗುಂಡಿ ಒತ್ತಿದರು. ಫೋಟೋದಲ್ಲಿ ಅತ್ತೆಯ ಖಾಲಿ ಬೆರಳುಗಳಿದ್ದವು. ನಿಂಬೆಹಣ್ಣು ಬೀರುವಿನ ಅಡಿ ಸೇರಿಯಾಗಿತ್ತು!

"ನೋಡ್ದಾ? ನಾನು ಒತ್ತೋದು ಈಗ. ಇದು ತೆಗೆಯೋದು ಆಮೇಲೆ!"

"ಅದಕ್ಕೆ ನನ್ಯಾಕ್ರೀ ಸ್ಟೂಲ್ ಹತ್ತಿಸಿದ್ರಿ?"

ಸುಮಾರು ನಲವತ್ತು ಸಲ ಬಿದ್ದ ಆ ನಿಂಬೆಹಣ್ಣು ಸಂಜೆ ಚಿತ್ರಾನ್ನವಾಗುವ ಹೊತ್ತಿಗೆ ಮಾವನಿಗೆ ಗುಟ್ಟು ಸಿಕ್ಕಿತ್ತು. ರೀಲಿನ ಕ್ಯಾಮೆರಾದಲ್ಲಿ ಒತ್ತುವುದು, ಮಿಂಚುವುದು, ಫೋಟೋ ಬೀಳುವುದು ಎಲ್ಲ ಒಟ್ಟಿಗೆ. ಇದು ಹಾಗಲ್ಲ. ಗುಂಡಿ ಒತ್ತಿದರೆ ಮೊದಲು ಫೋಕಸ್ಸಿಗೆ ತಡಕಾಡುತ್ತದೆ. ಆಮೇಲೆ ಒಂದು ಸಲ ಮಿಂಚಿ ಬೆಳಕು ಎಷ್ಟು ಬೇಕೆಂದು ಅಳೆದುಕೊಳ್ಳುತ್ತದೆ. ಫೋಟೋ ತೆಗೆಯುವುದು ಎರಡನೆಯ ಮಿಂಚಿಗೆ. ಅತ್ತೆಯ ಕಣ್ಣು ಮೊದಲನೆಯದಕ್ಕೆ ಬೆಚ್ಚಿ ಮುಚ್ಚಿದರೆ ಎರಡನೆಯದು ಮುಗಿಯುವವರೆಗೂ ತೆರೆಯುತ್ತಿರಲಿಲ್ಲ. "ಇದೂ ನನ್ನಂಗೇ ಕಣಮ್ಮ, ಅಳತೆ ನೋಡ್ದೆ ಕೆಲಸಕ್ಕೆ ಕೈ ಹಾಕಲ್ಲ" ಎಂದು ಮಾವ ಕ್ಯಾಮೆರಾದ ಬೆನ್ನು ತಟ್ಟಿದರು.

ಉಳಿದವರೂ ಮೊದಲ ಮಿಂಚಿಗೇ ಫೋಟೋ ಮುಗಿಯಿತೆಂದು ಸಡಿಲವಾಗುತ್ತಿದ್ದರು. ಒಬ್ಬರು ಆಕಳಿಸುತ್ತಿದ್ದಾರೆ, ಇನ್ನೊಬ್ಬರು ಎದ್ದು ಹೋಗುತ್ತಿದ್ದಾರೆ. ಸರಿಯಾಗಿ ಬೀಳುತ್ತಿದ್ದವಳು ನಾನೊಬ್ಬಳೇ. ಕ್ಲಾಸ್ ಫೋಟೋಗೆ ಸಿಸ್ಟರ್ ಬಾಯಿಂದ "ಥ್ಯಾಂಕ್ಯೂ ಗರ್ಲ್ಸ್" ಬರುವವರೆಗೂ ಉಸಿರು ಬಿಡದೆ ನಿಂತ ಕಾನ್ವೆಂಟಿನ ಹುಡುಗಿಯಲ್ಲವೇ!

ನನ್ನ ತಂಗಿಯ ಮದುವೆಗೆ ಮಾವ ಈ ವಿದ್ಯೆಯನ್ನೆಲ್ಲ ಹೊತ್ತುಕೊಂಡೇ ಬಂದರು. ಕ್ಯಾಮೆರಾ ತಡ ಮಾಡುತ್ತದೆ. ಹಾಗಾಗಿ ತಾಳಿ ಕಟ್ಟುವುದಕ್ಕಿಂತ ಒಂದು ಸೆಕೆಂಡು ಮೊದಲೇ ಒತ್ತಬೇಕು. ಒತ್ತಿದರು. ಆದರೆ ಮದುಮಗ ದಾರದ ತುದಿ ಸಿಗದೆ ತಡಕಾಡುತ್ತಾನೆಂದು ಲೆಕ್ಕದಲ್ಲಿ ಇರಲಿಲ್ಲವಲ್ಲ! ಫೋಟೋದಲ್ಲಿ ತಾಳಿ ಇನ್ನೂ ಗಾಳಿಯಲ್ಲಿದೆ, ಎಲ್ಲರ ಮುಷ್ಟಿಯಲ್ಲಿ ಅಕ್ಷತೆ ಹಾಗೇ ಇದೆ, ಎಲ್ಲರ ಬಾಯಿ ತೆರೆದಿದೆ. ತಂಗಿಯ ಗಂಡ ಅದನ್ನು ನೋಡಿ, "ಮಾವ, ಇದರ ಪ್ರಕಾರ ನನಗಿನ್ನೂ ಮದುವೆ ಆಗಿಲ್ಲ ಅಲ್ವಾ?" ಎಂದ. ಈಗಲೂ ಜಗಳವಾದಾಗಲೆಲ್ಲ ಆ ಫೋಟೋವನ್ನು ಹೊರಗೆ ತೆಗೆಯುತ್ತಾನಂತೆ.

ಇಷ್ಟಾಗಿ ನಾಲ್ಕು ವರ್ಷ ಕಳೆದರೂ ಅತ್ತೆಯ ಕಣ್ಣು ಮಾತ್ರ ಸಿಗಲಿಲ್ಲ. ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಫೋಕಸ್ ಕೂತ ಮೇಲೆ ಪೂರ್ತಿ ಒತ್ತಿದರು. ತಡ ಕಡಿಮೆಯಾಯಿತು, ಧ್ಯಾನ ಕಡಿಮೆಯಾಗಲಿಲ್ಲ. ಬಿಸಿಲಿಗೆ ಕರೆದೊಯ್ದರೆ ಅತ್ತೆ ಕಣ್ಣು ಕಿರಿದು ಮಾಡುತ್ತಿದ್ದರು. ಒಳಗೆ ಫ್ಲ್ಯಾಷ್ ಆರಿಸಿ ತೆಗೆದರೆ ಮಾವನ ಕೈನಡುಕಕ್ಕೆ ಚಿತ್ರ ಅಲುಗಿ ಅತ್ತೆಗೆ ನಾಲ್ಕು ಕಣ್ಣು!

"ಒಂದೂ ಇರ್ಲಿಲ್ಲ, ಈಗ ನಾಲ್ಕಾಯ್ತು. ಸಾಕು ಬುಡಿ" ಎಂದರು ಅತ್ತೆ. ಮಾವನ ಮುಖ ಸಪ್ಪಗಾದದ್ದನ್ನು ನೋಡಿ ಮೆಲ್ಲಗೆ, "ನನ್ನ ಕಣ್ಣು ಬೇಕಿದ್ರೆ ಆ ಡಬ್ಬ ಕೆಳಗಿಡ್ರೀ. ಇಲ್ಲೇ ಅವೆ, ನೋಡಿ" ಎಂದರು.

ಮಾವ ಕ್ಯಾಮೆರಾ ಕೆಳಗಿಟ್ಟರು. ನೋಡಿದರು. ಎಣಿಸಿದರೆ ಮೂರು ಸೆಕೆಂಡು ಇರಬಹುದು. ಆಮೇಲೆ ಕಿವಿಯವರೆಗೆ ಕೆಂಪಾಗಿ, "ಹಿತ್ತಲ ನಲ್ಲಿ ತೊಟ್ಟಿಕ್ತಾ ಇದೆ ಅನ್ಸುತ್ತೆ" ಎಂದು ಎದ್ದು ಹೋದರು. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ.

ಮರುವರ್ಷದ ಮಾಘದಲ್ಲಿ ಅತ್ತೆ ಹೋಗಿಬಿಟ್ಟರು. ಎರಡು ದಿನದ ಜ್ವರ, ಅಷ್ಟೇ.

ಗೋಡೆಗೆ ಹಾಕಲು ಫೋಟೋ ಬೇಕಿತ್ತು. ನಾನೂ ಮಾವನೂ ಸ್ಟುಡಿಯೋಗೆ ಹೋದೆವು. ಇದ್ದುದರಲ್ಲಿ ಚೆನ್ನಾಗಿದ್ದ ಒಂದನ್ನು ಕೊಟ್ಟೆವು: ಹಸಿರು ಸೀರೆ, ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು.

"ಯೋಚನೆ ಮಾಡ್ಬೇಡಿ ಸಾರ್, ಕಂಪ್ಯೂಟರಲ್ಲಿ ಕಣ್ಣು ಬಿಡಿಸ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದ ಸ್ಟುಡಿಯೋದವನು, ಅಲ್ಲೇ ಕೂತು ಮಾಡಿಯೂ ತೋರಿಸಿದ. ಅಗಲವಾದ, ಕಪ್ಪು ಕಣ್ಣು. ಯಾವ ಚುಕ್ಕೆಯೂ ಇಲ್ಲದ ಬಿಳಿ.

ಮಾವ ಬಹಳ ಹೊತ್ತು ನೋಡಿದರು. "ಯಾರದಪ್ಪಾ ಇದು?"

"ಯಾರದೋ ಒಬ್ರದು ಸಾರ್. ನಮ್ಮತ್ರ ಇರುತ್ತೆ."

"ಮೊದಲಿದ್ದಂಗೇ ಮುಚ್ಬುಡಿ" ಎಂದರು ಮಾವ.

ಹಾಗೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಬಂದವರು, "ಇದೇನು, ಬೇರೆ ಸಿಗಲಿಲ್ವಾ?" ಎನ್ನುತ್ತಾರೆ. ಮಾವ ಎದ್ದು, ಕೂದಲೆಳೆಯಷ್ಟು ವಾರೆಯಾದ ಕಟ್ಟನ್ನು ನೇರ ಮಾಡುತ್ತಾರೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಮಲ್ಲಿಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದಿತ್ತು. ಮಾವ ಫೋಟೋದ ಎದುರು ಬರಿಗೈಯಲ್ಲಿ ನಿಂತಿದ್ದರು. ನಾನು ಬಂದದ್ದು ಗೊತ್ತಾಗಿರಲಿಲ್ಲ. ಗಾಜಿನ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿ, ಮಲಗಿದವರನ್ನು ಎಬ್ಬಿಸುವಂಥ ಮೆಲುದನಿಯಲ್ಲಿ ಹೇಳುತ್ತಿದ್ದರು:

"ಎರಡೂ ಮುಗೀತು ಕಣೇ. ಇನ್ನು ಯಾವ ಮಿಂಚೂ ಇಲ್ಲ. ಕಣ್ಣು ಬುಡು."